ಕಾತ್ಯಾಯಿನಿ ನೋಡದೆ ಬಿಟ್ಟ ಹಕ್ಕಿ

ನಾವಿರುವ ಊರಿನಲ್ಲಿ ಯಾರ ಮನೆಗಾದರೂ ನೆಂಟರು ಬಂದರೆ ಅಕ್ಕಪಕ್ಕದವರು ಮೊದಲು ಕೇಳೋದು "ಹಕ್ಕಿ ಬಂತಾ?" ಅಂತ. ಎಷ್ಟು ದಿನ ಇರ್ತಾರೆ, ಏನು ತಂದಿದಾರೆ, ಅದೆಲ್ಲ ಆಮೇಲೆ. ಅತಿಥಿ ಹೊಸ್ತಿಲು ದಾಟಿದ ದಿನ ಸಂಜೆಯೊಳಗೆ ಆ ಮನೆಗೆ ಒಂದು ಹಕ್ಕಿ ಬಂದು ಸೇರಿಕೊಳ್ಳುತ್ತೆ, ಮಾಡಿನ ಮೇಲೋ, ಹಿತ್ತಲಲ್ಲೋ, ಬಚ್ಚಲ ಗೂಡಲ್ಲೋ. ಅದು ಆ ಅತಿಥಿಯ ಹಕ್ಕಿ. ಅವರು ಅದನ್ನು ಕಣ್ಣಾರೆ ಕಂಡ ದಿನ ಸಂಜೆ ಕಟ್ಟೆಗೆ ದೋಣಿ ಬರುತ್ತೆ, ಅವರು ಹೊರಡಬೇಕು. ಕಾಣೋವರೆಗೆ ದೋಣಿ ಇಲ್ಲ. ಒಮ್ಮೆ ಹೋದವರು ಮತ್ತೆ ಬರೋ ಹಾಗೂ ಇಲ್ಲ, ಒಬ್ಬರಿಗೆ ಒಂದೇ ಸಲ. ದೋಣಿಯ ಟಿಕೆಟ್ಟಿನ ಹಿಂಬದಿಯಲ್ಲಿ ಇದೆಲ್ಲ ಸಣ್ಣ ಅಕ್ಷರದಲ್ಲಿ ಅಚ್ಚಾಗಿರುತ್ತೆ. ದೋಣಿಯವನಿಗೆ ಹೇಗೆ ಗೊತ್ತಾಗುತ್ತೆ ಅಂತ ನನ್ನನ್ನು ಕೇಳಬೇಡಿ. ಹನ್ನೊಂದು ವರ್ಷದಿಂದ ಇಲ್ಲಿದ್ದೀನಿ, ನಾನೂ ಕೇಳಿಲ್ಲ.

ಊರಿನವರು ಇದಕ್ಕೆ ಚೆನ್ನಾಗಿ ಹೊಂದಿಕೊಂಡಿದಾರೆ. ಬೇಕಾದ ನೆಂಟರು ಬಂದರೆ ಕಿಟಕಿಗೆಲ್ಲ ದಪ್ಪ ಪರದೆ ಬೀಳುತ್ತೆ. ಬೇಡದ ನೆಂಟರು ಬಂದರೆ ಕಿಟಕಿ ಕಟ್ಟೆ ಮೇಲೆ ಕಾಳು ಬೀಳುತ್ತೆ. ನಮ್ಮ ಪಕ್ಕದ ಮನೆ ಮಿರೋಲಾ ಅನ್ನೋ ಹೆಂಗಸು ತನ್ನ ಮೈದುನ ಬಂದ ಮಾರನೇ ದಿನವೇ ಅವನ ತಿಂಡಿ ತಟ್ಟೆಯ ಸುತ್ತ ಜೋಳ ಚೆಲ್ಲಿ ಬಾಗಿಲು ತೆಗೆದಿಟ್ಟಳು. ಸಂಜೆ ಅವನನ್ನು ದೋಣಿ ಹತ್ತಿಸಿ ಬಂದು, "ಪಾಪ, ಎರಡು ದಿನಾನಾದರೂ ಇರಬಹುದಿತ್ತು" ಅಂತ ನನ್ನ ಮುಂದೆ ಕಣ್ಣೊರೆಸಿಕೊಂಡಳು. ಆಚೆ ಬೀದಿಯಲ್ಲಿ ಇನ್ನೊಬ್ಬ ಮಹಾನುಭಾವ ನಾಲ್ಕು ದಿನಕ್ಕೆ ಅಂತ ಬಂದವನು ಹನ್ನೊಂದು ತಿಂಗಳು ಇದ್ದ. ಹಕ್ಕಿ ಅವನ ಕುರ್ಚಿಯ ಬೆನ್ನಿನ ಮೇಲೇ ಕೂತಿರುತ್ತಿತ್ತು. ಆಸಾಮಿ ಪೇಪರಿನಿಂದ ತಲೆ ಎತ್ತಿದರೆ ತಾನೆ? ಕೊನೆಗೆ ಮನೆಯವರು ಹಕ್ಕಿಯನ್ನು ಎತ್ತಿ ಪೇಪರಿನ ಮೇಲೇ ಕೂರಿಸಬೇಕಾಯಿತು.

ನಮಗೆ ಯಾವ ಹಕ್ಕಿಯೂ ಬರಲಿಲ್ಲ. ನೌಕರಿಗೆ ಬಂದವರು ಅತಿಥಿಗಳಲ್ಲವಂತೆ. ನಮ್ಮವರಿಗೆ ಇಲ್ಲಿನ ನಕ್ಷೆ ಕಚೇರಿಯಲ್ಲಿ ಕೆಲಸ. ಈ ಊರು ಯಾವ ನಕ್ಷೆಯಲ್ಲೂ ಇಲ್ಲ, ಆದರೆ ನಕ್ಷೆ ಕಚೇರಿ ಮಾತ್ರ ಮೂರು ಅಂತಸ್ತಿನದು. ವರ್ಗಾವಣೆ ಆಗೋವರೆಗೆ ನಮಗೆ ದೋಣಿ ಇಲ್ಲ, ವರ್ಗಾವಣೆ ಮಾಡೋ ಸಾಹೇಬರು ಈ ಊರು ಎಲ್ಲಿದೆ ಅಂತ ಇನ್ನೂ ಹುಡುಕುತ್ತಿದಾರೆ. ನಮ್ಮವರೋ ಮೊದಲೇ ಮಾತು ಕಮ್ಮಿ. "ಹೂಂ", "ಉಹೂಂ", "ಉಪ್ಪು" ಇಷ್ಟರಲ್ಲಿ ದಿನ ಕಳೆದುಬಿಡ್ತಾರೆ. ಊರಿನವರೆಲ್ಲ ನನ್ನನ್ನು ಗೌರವದಿಂದ ಏನೋ ಉದ್ದನೆಯ ಹೆಸರಿಟ್ಟು ಕರೀತಾರೆ. ಹನ್ನೊಂದು ವರ್ಷದಿಂದ ನನ್ನನ್ನು ಯಾರೂ "ಲೇ" ಅಂದಿರಲಿಲ್ಲ. ನಗಬೇಡಿ, ಅದಕ್ಕಾಗಿ ನಾನು ಅತ್ತಿದ್ದೀನಿ.

ಹಾಗಿರುವಾಗ ಕಾತ್ಯಾಯಿನಿಯ ಕಾಗದ ಬಂತು. ತುಮಕೂರಿನ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಮ್ಮಾಗಿ ರಿಟೈರಾದವಳು, ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವಳು. ಅವಳಿಗೆ ಹಕ್ಕಿ ನೋಡೋ ಹುಚ್ಚು. ಹುಚ್ಚು ಅಂದರೆ ಸಾಮಾನ್ಯದ್ದಲ್ಲ. ತನ್ನ ಮದುವೆಯ ಧಾರೆ ಹೊತ್ತಿನಲ್ಲಿ ಚಪ್ಪರದ ಮೇಲೆ ಏನೋ ಕೂತಿತು ಅಂತ ಕತ್ತೆತ್ತಿದವಳು ಇಳಿಸಲೇ ಇಲ್ಲ. ಫೋಟೋದಲ್ಲಿ ಬರೀ ಗದ್ದ ಬಂದಿದೆ. "ನಾನೂ ನಮ್ಮವರೂ ಬರ್ತಿದೀವಿ, ನಿಮ್ಮೂರಲ್ಲಿ ಹಳೇ ಕೋಟೆಗಳಿವೆಯಂತೆ, ಹಕ್ಕಿಗಳೂ ಇವೆಯಂತೆ, ಅವರಿಗೆ ಅದು, ನನಗೆ ಇದು, ನೀನು ಮಧ್ಯದಲ್ಲಿ ಅಡುಗೆ ಮಾಡಿಕೊಂಡಿರು" ಅಂತ ಬರೆದಿದ್ದಳು. ಕಾಗದವನ್ನು ನಾಲ್ಕು ಸಲ ಓದಿ, ಹಿಟ್ಟು ಬೀಸಿಸಿ, ಹಾಸಿಗೆಗೆ ಬಿಸಿಲು ಕಾಣಿಸಿದೆ.

ಗಂಡ ಹೆಂಡತಿ ಕೂಡಿ ಬಂದರೆ ಇಬ್ಬರಿಗೂ ಸೇರಿ ಒಂದೇ ಹಕ್ಕಿ. ಅದೂ ಹೆಂಡತಿಯ ಹೆಸರಿಗೆ. ಗಂಡ ನೋಡಿದರೂ ಒಂದೇ, ಬಿಟ್ಟರೂ ಒಂದೇ, ದೋಣಿಯವನು ಕ್ಯಾರೇ ಅನ್ನಲ್ಲ. ಬೆಳಿಗ್ಗೆ ಇಬ್ಬರೂ ಬಂದಿಳಿದರು. ಮಧ್ಯಾಹ್ನ ಊಟ ಆಗಿ ಅವರು ಅಡ್ಡಾಗಿದ್ದಾಗ ನಾನು ಪಾತ್ರೆ ತೊಳೆಯೋಕೆ ಹಿತ್ತಲಿಗೆ ಹೋದೆ. ಬಟ್ಟೆ ಒಗೆಯೋ ಕಲ್ಲಿನ ಹಿಂದೆ, ಉದುರಿದ ಎಲೆಗಳ ಮಧ್ಯೆ ಏನೋ ಸರಸರ ಅಂತು. ಒಂದು ಮುಷ್ಟಿಯಷ್ಟು ಹಕ್ಕಿ. ಬೆನ್ನು ಹಸಿರು, ಹೊಟ್ಟೆ ಬಾದಾಮಿ ಹಲ್ವದ ಬಣ್ಣ, ಕಣ್ಣಿಗೆ ಅಡ್ಡಲಾಗಿ ದಪ್ಪ ಕಾಡಿಗೆ, ರೆಕ್ಕೆಯಲ್ಲಿ ನೀಲಿ, ಬಾಲದ ಬುಡದಲ್ಲಿ ಕೆಂಪು. ಬಾಲ ಅಂತ ಹೇಳಿಕೊಳ್ಳುವಂಥದ್ದೇನೂ ಇಲ್ಲ. ಎಲೆ ಮಗುಚಿ ಹುಳ ಹುಡುಕುತ್ತಿತ್ತು. ನನಗೆ ಹಕ್ಕಿಗಳಲ್ಲಿ ಕೋಳಿ ಮತ್ತು ಕೋಳಿಯಲ್ಲದ್ದು ಅಂತ ಎರಡೇ ಜಾತಿ ಗೊತ್ತು. ಆದರೆ ಇದು ಯಾವುದು ಅಂತ ನೋಡಿದ ತಕ್ಷಣ ಗೊತ್ತಾಯಿತು. ಕಾತ್ಯಾಯಿನಿಯ ಸ್ನೇಹಿತೆಯಾದ ಯಾರಿಗಾದರೂ ಗೊತ್ತಾಗುತ್ತಿತ್ತು. ನವರಂಗ.

ನವರಂಗ ಅಂದರೆ ಕಾತ್ಯಾಯಿನಿಯ ಪಾಲಿಗೆ ನಲವತ್ತು ವರ್ಷದ ಅವಮಾನ. ಚಳಿಗಾಲ ಬಂದರೆ ನಮ್ಮ ಕಡೆ ತೋಪುಗಳಲ್ಲಿ ಎಲ್ಲರಿಗೂ ಕಾಣುವ ಹಕ್ಕಿ ಅದು, ಅವಳೊಬ್ಬಳಿಗೆ ಬಿಟ್ಟು. ದೇವರಾಯನದುರ್ಗದ ಕಾಡಿನಲ್ಲಿ ಚಳಿಯಲ್ಲಿ ನಡುಗಿಕೊಂಡು ಕಾದಳು, ಕಾಣಲಿಲ್ಲ. ಹೆಡ್‌ಮಿಸ್ಟ್ರೆಸ್ಸಿಗೆ ಸ್ಕೂಲಿನ ಕಕ್ಕಸು ಮನೆ ಹಿಂದೆ ಕಂಡಿತು. ಅವಳ ಮನೆ ಹಾಲಿನವನಿಗೆ ಅವಳದೇ ಕಾಂಪೌಂಡಿನ ಸಪೋಟ ಮರದ ಕೆಳಗೆ ಕಂಡಿತು, ಅವಳು ರೇಷನ್ ತರೋಕೆ ಹೋಗಿದ್ದಾಗ. ಪೇಟೆಯಲ್ಲಿ ಸಿಕ್ಕ ಹಳೇ ವಿದ್ಯಾರ್ಥಿನಿಯರೆಲ್ಲ, "ಮಿಸ್, ನವರಂಗ ಕಾಣಿಸ್ತಾ?" ಅಂತ ಆರೋಗ್ಯ ವಿಚಾರಿಸಿದ ಹಾಗೆ ಕೇಳೋರು. ಆ ಹಕ್ಕಿ ಈಗ ಸಮುದ್ರ ದಾಟಿ ನನ್ನ ಹಿತ್ತಲಿಗೆ ಬಂದು ಕೂತಿದೆ.

ಒಳಗೆ ಬಂದೆ. ಕಾತ್ಯಾಯಿನಿ ಎದ್ದು ಕೂತು ಆಕಳಿಸುತ್ತಿದ್ದಳು. "ಏನೇ ವಿಶಾಲು, ನನ್ನ ಹಕ್ಕಿ ಬಂತಾ? ಯಾವುದು ಅಂತ ಹೇಳಬೇಡ, ಹೇಳಿದರೆ ನನ್ನ ಕಣ್ಣು ಸುಮ್ಮನಿರಲ್ಲ," ಅಂದಳು. ಆಮೇಲೆ ತನಗೆ ತಾನೇ ನಕ್ಕು, "ನವರಂಗ ಆಗಿದ್ದರೆ ಮಾತ್ರ ಹೇಳಿಬಿಡು ಕಣೇ. ನೋಡಿ ಸಂತೋಷವಾಗಿ ಈಗಲೇ ದೋಣಿ ಹತ್ತಿಬಿಡ್ತೀನಿ," ಅಂದಳು.

ನಾನು ಸೆರಗಿಗೆ ಕೈ ಒರೆಸಿಕೊಂಡೆ. ಬೆಳಿಗ್ಗೆ ಬಂದಿದಾಳೆ, ಇನ್ನೂ ಎರಡನೇ ಕಾಫಿ ಕುಡಿದಿಲ್ಲ, ಹನ್ನೊಂದು ವರ್ಷದಿಂದ ಕೂಡಿಟ್ಟ ನನ್ನ ಮೂವತ್ತು ಪ್ರಶ್ನೆಗಳಲ್ಲಿ ಎರಡಕ್ಕೆ ಉತ್ತರ ಬಂದಿದೆ. "ಕಾಗೆ," ಅಂದೆ.

"ಕಾಗೆನಾ?"

"ಕಾಗೆ ಕಣೇ. ಬರೀ ಕಾಗೆ. ಮಾಡಿನ ಮೇಲೆ ಕೂತಿದೆ. ಅದನ್ನೇನು ನೋಡ್ತೀಯ, ಬಿಡು."

"ನನ್ನ ಹಣೆಬರಹವೇ," ಅಂತ ಅವಳು ಹಣೆ ಚಚ್ಚಿಕೊಂಡು ನಕ್ಕಳು. ಅವಳ ಗಂಡ ಶ್ರೀಕಂಠಯ್ಯನವರು, ವಿದ್ಯುತ್ ಮಂಡಳಿಯಲ್ಲಿ ಎಂಜಿನಿಯರಾಗಿದ್ದವರು, ಮಲಗಿದಲ್ಲಿಂದಲೇ "ಕಾಗೆಯಾದರೂ ಬಂತಲ್ಲ, ನಮ್ಮ ಮರ್ಯಾದೆ ಉಳೀತು" ಅಂದರು. ನಾನು ಹೋಗಿ ಹಿತ್ತಲ ಬಾಗಿಲಿಗೆ ಅಗಳಿ ಹಾಕಿ, ಅಡುಗೆಮನೆ ಕಿಟಕಿಯ ಮೇಲೆ ಕನ್ನಡ ಕ್ಯಾಲೆಂಡರಿನ ಹನ್ನೆರಡು ಹಾಳೆಗಳನ್ನೂ ಅಂಟಿಸಿದೆ. ಹಿತ್ತಲ ಮೆಟ್ಟಿಲು ಮುರಿದಿದೆ, ಯಾರೂ ಆ ಕಡೆ ಹೋಗಬಾರದು ಅಂತ ಕಟ್ಟಪ್ಪಣೆ ಮಾಡಿದೆ. ಸ್ನಾನದ ಮನೆ ಮಾತ್ರ ಹಿತ್ತಲಲ್ಲೇ ಇತ್ತು. ಕಾತ್ಯಾಯಿನಿಗೆ ಒಳಗೇ ನೀರು ಕಾಯಿಸಿ ಕೊಟ್ಟು, ಶ್ರೀಕಂಠಯ್ಯನವರನ್ನು ಹಿತ್ತಲಿಗೆ ಕಳಿಸಿದೆ. ಮುರಿದ ಮೆಟ್ಟಿಲು ಗಂಡಸರ ಭಾರ ತಡಕೊಳ್ಳುತ್ತೆ ಅಂತ ಹೇಳಿದೆ. ಏನು ಹೇಳುತ್ತಿದ್ದೆನೋ ನನಗೇ ಗೊತ್ತಿರಲಿಲ್ಲ.

ಇಷ್ಟಕ್ಕೇ ಮುಗಿಯಲಿಲ್ಲ. ಹೊತ್ತು ಮುಳುಗೋ ಸಮಯಕ್ಕೆ ಆ ಹಕ್ಕಿ ಶುರುಮಾಡಿತು. ಎರಡೇ ಸ್ವರ, ಯಾರೋ ಬೇಲಿಯಾಚೆಯಿಂದ ಶಿಳ್ಳೆ ಹಾಕಿ ಕರೆದ ಹಾಗೆ. ಗಟ್ಟಿ ಅಂದರೆ ಅಷ್ಟು ಗಟ್ಟಿ. ಕಾತ್ಯಾಯಿನಿ ಕೈಯಲ್ಲಿದ್ದ ಲೋಟವನ್ನು ಬಾಯಿಯ ಹತ್ತಿರ ಹಿಡಿದು ಹಾಗೇ ನಿಂತಳು. ನಾನು ಒಂದೇ ನೆಗೆತಕ್ಕೆ ಅಡುಗೆಮನೆ ಸೇರಿ ಮಿಕ್ಸಿ ಹಾಕಿದೆ. ಊರಿಂದ ತಂದ ಹಳೇ ಮಿಕ್ಸಿ, ಹಾಕಿದರೆ ಮಿರೋಲಾ ತನ್ನ ಮನೆಯಲ್ಲಿ ಕಿವಿ ಮುಚ್ಚಿಕೊಳ್ಳುತ್ತಾಳೆ. ಕಾಲು ಗಂಟೆ ಕಡಲೆಕಾಯಿ ಚಟ್ನಿ ಅರೆದೆ. ಬೆಳಿಗ್ಗೆ ಬೆಳಕು ಹರಿಯೋ ಮುಂಚೆ ಅದು ಮತ್ತೆ ಕೂಗಿತು. ನಾನು ಮತ್ತೆ ಅರೆದೆ. ಹಕ್ಕಿಯದು ದಿನಕ್ಕೆ ಎರಡು ಹೊತ್ತಿನ ಸಂಧ್ಯಾವಂದನೆ, ನನ್ನದು ಎರಡು ಹೊತ್ತಿನ ಚಟ್ನಿ. ನಾಲ್ಕನೇ ದಿನ ಶ್ರೀಕಂಠಯ್ಯನವರು ತಟ್ಟೆ ನೋಡಿ, "ವಿಶಾಲಾಕ್ಷಮ್ಮ, ಚಟ್ನಿ ಜೊತೆ ನೆಂಚಿಕೊಳ್ಳೋಕೆ ಒಂದು ದೋಸೆ ಸಿಗುತ್ತಾ?" ಅಂದರು.

ಮನೆಯಲ್ಲಿ ಅವಳನ್ನು ಇಟ್ಟುಕೊಂಡರೆ ಅಪಾಯ ಅಂತ ದಿನಾ ತಿರುಗಾಡಿಸಲು ಹೊರಟೆ. ಮೊದಲು ಕೋಟೆ. ಈ ಕೋಟೆಯ ವಿಶೇಷ ಏನೆಂದರೆ ಇದಕ್ಕೆ ಯಾರೂ ಯಾವತ್ತೂ ಮುತ್ತಿಗೆ ಹಾಕಿಲ್ಲ. ಕಟ್ಟಿಸಿದ ರಾಜ ಇಪ್ಪತ್ತು ವರ್ಷ ಬುರುಜಿನ ಮೇಲೆ ಕೂತು ಶತ್ರುಗಳಿಗೆ ಕಾದನಂತೆ. ಯಾರೂ ಬರದೆ ಬೇಸರವಾಗಿ ಅಕ್ಕಪಕ್ಕದ ರಾಜರಿಗೆಲ್ಲ, ದಯಮಾಡಿ ಸಪರಿವಾರ ದಂಡೆತ್ತಿ ಬರಬೇಕು ಅಂತ ಆಹ್ವಾನ ಕಳಿಸಿದನಂತೆ. ಆ ಆಹ್ವಾನವನ್ನು ಬಾಗಿಲ ಕಲ್ಲಿನಲ್ಲಿ ಕೆತ್ತಿದಾರೆ. ನಾನು ಅರ್ಥ ಹೇಳುತ್ತಾ ಹೋದೆ, ಶ್ರೀಕಂಠಯ್ಯನವರು ಪ್ರತಿ ಸಾಲನ್ನೂ ಜೋರಾಗಿ ತಿರುಗಿ ಹೇಳಿ, ಡೈರಿಯಲ್ಲಿ ಬರೆದುಕೊಂಡು, "ಪಾಪ ಕಣ್ರೀ, ಯಾರಾದರೂ ಒಂದು ಸಣ್ಣ ಯುದ್ಧಕ್ಕಾದರೂ ಬರಬಹುದಿತ್ತು" ಅಂತ ಮರುಗಿದರು.

ಕಾತ್ಯಾಯಿನಿಗೆ ರಾಜನೂ ಬೇಡ, ಕಲ್ಲೂ ಬೇಡ. ನೆಂಟರು ಹೋದ ಮೇಲೆ ಅವರ ಹಕ್ಕಿಗಳೆಲ್ಲ ಆ ಕೋಟೆಗೇ ಹೋಗಿ ಸೇರಿಕೊಳ್ಳುತ್ತವೆ. ಶತ್ರು ಬರದ ಕೋಟೆಯಲ್ಲಿ ಈಗ ಹಕ್ಕಿಗಳದೇ ಸಂತೆ. ಬುರುಜಿನ ಮೇಲೆ ಮಂಗಟ್ಟೆ, ಕಂದಕದಲ್ಲಿ ರಾಜಹಂಸ, ಅದರ ಪಕ್ಕ ಯಾರೋ ದೂರದೇಶದವರನ್ನು ಕಳಿಸಿಕೊಟ್ಟು ಒಂಟಿಯಾದ ಪೆಂಗ್ವಿನ್ನು, ಫಿರಂಗಿಯ ಬಾಯಲ್ಲಿ ಗೂಡು ಮಾಡಿದ ಚಂದ್ರಮುಕುಟ. ಕಾತ್ಯಾಯಿನಿ ದುರ್ಬೀನು ಕಣ್ಣಿಗೆ ಒತ್ತಿಕೊಂಡವಳು ಊಟದ ಹೊತ್ತಾದರೂ ತೆಗೆಯಲಿಲ್ಲ. "ಲೇ ವಿಶಾಲು, ನೋಡೇ ಅಲ್ಲಿ! ಎಡಕ್ಕೆ ಕಣೇ, ನಿನ್ನ ಎಡಕ್ಕಲ್ಲ, ನನ್ನ ಎಡಕ್ಕೆ!" ಅಂತ ನನ್ನ ತೋಳು ಜಗ್ಗಿ ಜಗ್ಗಿ ಕೆಂಪು ಮಾಡಿದಳು. ಆ "ಲೇ" ಕಿವಿಗೆ ಬಿದ್ದಾಗಲೆಲ್ಲ ನನ್ನ ಹೊಟ್ಟೆ ತಂಪಾಗುತ್ತಿತ್ತು. ಕೋಟೆಯ ಕಾವಲುಗಾರನ ಹತ್ತಿರ ಹೋಗಿ ಕೈಯಾಡಿಸಿ, ಕತ್ತು ಕುಣಿಸಿ ಏನೇನೋ ಕೇಳಿದಳು. ಅವನು ತಲೆ ಅಡ್ಡಡ್ಡ ಆಡಿಸಿದ. ನವರಂಗ ಇದೆಯಾ ಅಂತ ಕೇಳಿರಬೇಕು ಅಂದುಕೊಂಡೆ. ವಾಪಸು ಬರುವಾಗ ಅವಳು ನಿಟ್ಟುಸಿರು ಬಿಟ್ಟು, "ಎಲ್ಲರ ಹಕ್ಕಿಯೂ ಇದೆ ಕಣೇ, ನನ್ನದೊಂದು ಬಿಟ್ಟು" ಅಂದಳು. ನಲವತ್ತು ವರ್ಷದ ಆಸೆಯನ್ನು ಹಿತ್ತಲಲ್ಲಿ ಬಚ್ಚಿಟ್ಟು ಅವಳಿಗೆ ಪೆಂಗ್ವಿನ್ ತೋರಿಸುತ್ತಿದ್ದೀನಲ್ಲ, ನಾನೂ ಒಬ್ಬಳು ಗೆಳತಿಯಾ ಅನ್ನಿಸಿತು. ನಾಳೆ ಹೇಳಿಬಿಡೋಣ ಅಂದುಕೊಂಡೆ. ನಾಳೆ ಬಂತು, ಅವಳು ಬೆಳಿಗ್ಗೆಯೇ ನನ್ನ ಮಂಚದ ಮೇಲೆ ಬಂದು ಕೂತು ನಮ್ಮ ಹಿಂದಿ ಮೇಷ್ಟ್ರ ಪ್ರೇಮ ಪ್ರಕರಣ ತೆಗೆದಳು. ಅಂಥ ಮಾತನ್ನು ಅರ್ಧಕ್ಕೆ ನಿಲ್ಲಿಸಿ ದೋಣಿ ಹತ್ತು ಅನ್ನೋಕೆ ನನಗೇನು ಕಲ್ಲು ಮನಸ್ಸೇ?

ರಾಣಿಯ ಸ್ನಾನದ ಕೊಳ ಆಯಿತು, ಗಂಟೆ ಗೋಪುರ ಆಯಿತು, ಹಳೇ ಟಂಕಸಾಲೆ ಆಯಿತು. ಒಂದೊಂದು ಜಾಗಕ್ಕೂ ಎರಡೆರಡು ಸಲ ಹೋದೆವು. ಎಂಟನೇ ದಿನಕ್ಕೆ ಊರಿನ ಇತಿಹಾಸ ಮುಗಿದುಹೋಯಿತು. ನಾನು ಇವರನ್ನು ಬಸ್ಸಿನಲ್ಲಿ ಊರಾಚೆ ಕರಕೊಂಡು ಹೋಗಿ, ಗುಮ್ಮಟದ ಒಂದು ಕಟ್ಟಡದ ಮುಂದೆ ನಿಲ್ಲಿಸಿ, "ಇದು ಸೇನಾಪತಿಯ ಸಮಾಧಿ" ಅಂದೆ. ನಿಜ ಹೇಳಬೇಕೆಂದರೆ ಅದು ಪುರಸಭೆಯ ನೀರಿನ ಪಂಪ್‌ಹೌಸು. ಗುಮ್ಮಟ ಇದ್ದಿದ್ದೇ ನನ್ನ ಪುಣ್ಯ. ಯುದ್ಧವೇ ಆಗದ ಊರಿನಲ್ಲಿ ಸೇನಾಪತಿ ಹೇಗೆ ಸತ್ತ ಅಂತ ಶ್ರೀಕಂಠಯ್ಯನವರು ಕೇಳಿದರು. "ಬೇಜಾರಿಗೆ," ಅಂದೆ. ಅವರು ಚಪ್ಪಲಿ ಬಿಟ್ಟು, ಮೂರು ಸುತ್ತು ಬಂದು, ಗೋಡೆಗೆ ಕಿವಿಯಿಟ್ಟು ಆಲಿಸಿ, ಕಣ್ಣು ಮುಚ್ಚಿ ನಿಂತರು. ಎಷ್ಟು ಭಕ್ತಿ ಮನುಷ್ಯನಿಗೆ ಅಂತ ನನಗೆ ನಾಚಿಕೆಯಾಯಿತು.

ಕಾತ್ಯಾಯಿನಿಯೂ ನನ್ನನ್ನು ಸುಮ್ಮನೆ ಬಿಡುತ್ತಿರಲಿಲ್ಲ. "ನಿಮ್ಮ ಮನೆಗೆ ಹಿತ್ತಲು ಅಂತ ಇರಬೇಕಲ್ಲ?" ಅನ್ನುತ್ತಿದ್ದಳು. "ಈ ಕ್ಯಾಲೆಂಡರಿನಲ್ಲಿ ಎಲ್ಲ ತಿಂಗಳೂ ಒಟ್ಟಿಗೆ ಯಾಕೆ ನಡೀತಿದೆ?" ಅನ್ನುತ್ತಿದ್ದಳು. "ಕಾಗೆ ಹುಷಾರಾಗಿದೆಯಾ? ಊಟ ಮಾಡ್ತಾ?" ಅಂತ ದಿನಾ ವಿಚಾರಿಸುತ್ತಿದ್ದಳು. ನಾನು ಹೂಂ, ಮಾಡ್ತು, ಮೊಸರನ್ನ ಹಾಕಿದೆ ಅನ್ನುತ್ತಿದ್ದೆ. ನಮ್ಮವರು ತಟ್ಟೆಯಿಂದ ತಲೆ ಎತ್ತಿ ನನ್ನನ್ನು ಒಮ್ಮೆ ನೋಡಿ, "ಉಪ್ಪು" ಅನ್ನುತ್ತಿದ್ದರು.

ಹತ್ತನೇ ದಿನ ಬೆಳಿಗ್ಗೆ ಮಿಕ್ಸಿ ಸುಟ್ಟುಹೋಯಿತು. ಹೋಗದೆ ಏನು ಮಾಡುತ್ತೆ? ಕಾತ್ಯಾಯಿನಿ ನನ್ನ ಪಕ್ಕದಲ್ಲೇ ಮಣೆ ಮೇಲೆ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದಳು. ಒಂದು ಸುತ್ತು ತಿರುಗಿ, ಗೊರ್ ಅಂದು, ಹೊಗೆಯಾಡಿ ನಿಂತಿತು. ಮನೆ ನಿಶ್ಶಬ್ದವಾಯಿತು. ಆ ನಿಶ್ಶಬ್ದದಲ್ಲಿ, ಕ್ಯಾಲೆಂಡರಿನ ಹಾಳೆಗಳ ಆಚೆ, ಹತ್ತಡಿ ದೂರದಲ್ಲಿ ಆ ಎರಡು ಸ್ವರ. ನಾನು ಕೆಮ್ಮಿದೆ. ಮತ್ತೆ ಕೂಗಿತು. ತಟ್ಟೆ ಬೀಳಿಸಿದೆ. ಮತ್ತೆ. ಲೋಟ, ಸೌಟು, ಒಗ್ಗರಣೆ ಬಟ್ಟಲು ಎಲ್ಲ ಬೀಳಿಸಿ, ಇನ್ನು ಬೀಳಿಸಲು ಏನೂ ಉಳಿಯದೆ ಗಟ್ಟಿಯಾಗಿ ಶ್ಲೋಕ ಹೇಳಲು ಶುರುಮಾಡಿದೆ.

"ಸಾಕು ಬಿಡೇ," ಅಂದಳು ಕಾತ್ಯಾಯಿನಿ, ಬೆಳ್ಳುಳ್ಳಿಯಿಂದ ತಲೆ ಎತ್ತದೆ. "ಮೊದಲನೇ ಸಂಜೆಯಿಂದ ಕೇಳ್ತಿದೀನಿ. ನಲವತ್ತು ವರ್ಷ ಆ ಕೂಗಿನ ಹಿಂದೆ ಬಿದ್ದವಳಿಗೆ ನಿನ್ನ ಮಿಕ್ಸಿ ಅಡ್ಡ ಬರುತ್ತಾ?"

ನಾನು ಬಗ್ಗಿ ಬಿದ್ದ ಸೌಟನ್ನು ಎತ್ತಿಕೊಂಡೆ.

"ಕಾಗೆಯಂತೆ ಕಾಗೆ," ಅಂದಳು. "ಕೋಟೆಯಲ್ಲಿ ಅಷ್ಟು ಹಕ್ಕಿ ನೋಡಿದೆ, ಒಂದಾದರೂ ಕಾಗೆ ಇತ್ತಾ? ಕಾವಲುಗಾರನನ್ನು ಕೇಳಿದೆ. ಈ ಊರಿಗೆ ಕಾಗೆ ಬಂದೇ ಇಲ್ವಂತೆ. ಹನ್ನೊಂದು ವರ್ಷ ಇದ್ದೀಯ, ನಿನಗೆ ಅದೂ ಗೊತ್ತಿಲ್ಲ. ಸುಳ್ಳಾದರೂ ನೆಟ್ಟಗೆ ಹೇಳೋಕೆ ಬರಲ್ವೇನೇ ಮಂಕೆ?"

ಅಷ್ಟರಲ್ಲಿ ಶ್ರೀಕಂಠಯ್ಯನವರು ಟವೆಲ್ಲು ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ಬಂದು ನಿಂತರು. "ಎಲ್ಲಾ ಆಚೆಗೆ ಬಂತಾ? ಅಬ್ಬ. ನಾನು ದಿನಾ ಸ್ನಾನಕ್ಕೆ ಹೋಗುವಾಗ ಅದನ್ನ ಮಾತಾಡಿಸಿಕೊಂಡು ಹೋಗ್ತೀನಿ. ಒಳಗೆ ಬಂದು ಏನೂ ಗೊತ್ತಿಲ್ಲದವನ ಹಾಗೆ ಮುಖ ಇಟ್ಟುಕೊಳ್ಳೋದು ಎಷ್ಟು ಕಷ್ಟ ಗೊತ್ತಾ ವಿಶಾಲಾಕ್ಷಮ್ಮ? ಮೆಟ್ಟಿಲೂ ಚೆನ್ನಾಗೇ ಇದೆ. ಇನ್ನೊಂದು ಮಾತು, ನಿಮ್ಮ ಸೇನಾಪತಿ ಒಳಗೆ ಹದಿನೈದು ಎಚ್‌ಪಿ ಮೋಟಾರು ಓಡಿಸ್ತಿದ್ದ. ಬೇರಿಂಗ್ ಸವೆದಿದೆ, ಪುರಸಭೆಯವರಿಗೆ ಹೇಳಿ."

ನನಗೆ ನಾಚಿಕೆಯೂ ಆಯಿತು, ಸಿಟ್ಟೂ ಬಂತು. ಸಿಟ್ಟೇ ಮುಂದೆ ನುಗ್ಗಿತು. "ಗೊತ್ತಿದ್ದೂ ಯಾಕೆ ನೋಡಲಿಲ್ಲ ನೀನು? ಹತ್ತು ದಿನದಿಂದ ನಾನು ಎಷ್ಟು ಪಾಪ ಕಟ್ಟಿಕೊಂಡೆ, ಎಷ್ಟು ಚಟ್ನಿ ಅರೆದೆ! ನೋಡಬಾರದಿತ್ತಾ? ಬಾಗಿಲು ತೆಗೆದರೆ ಮುಗೀತಿತ್ತು!"

"ಮುಗೀತಿತ್ತು," ಅಂದಳು ಕಾತ್ಯಾಯಿನಿ. "ಅದಕ್ಕೇ ತೆಗೀಲಿಲ್ಲ."

ಬೆಳ್ಳುಳ್ಳಿ ಸಿಪ್ಪೆಯನ್ನೆಲ್ಲ ಕೈಯಲ್ಲಿ ಒಟ್ಟುಮಾಡಿದಳು. "ಹಕ್ಕಿ ಆಸೆ ನನಗಿಲ್ಲ ಅಂದುಕೊಂಡೆಯಾ? ದಿನಾ ಬೆಳಿಗ್ಗೆ ಅದು ಕೂಗಿದಾಗ ಮಂಚದ ಕಟ್ಟು ಗಟ್ಟಿಯಾಗಿ ಹಿಡಕೊಂಡು ಮಲಗಿರ್ತೀನಿ. ಇವರನ್ನ ಕೇಳು. ಆದರೆ ನೋಡಿದರೆ ಹೋಗಬೇಕಲ್ಲ. ಮತ್ತೆ ಬರೋ ಹಾಗಿಲ್ಲವಲ್ಲ. ನೀನು ಇಲ್ಲಿ ಒಬ್ಬಳೇ..." ಅಷ್ಟು ಹೇಳಿ ಅವಳು ಮೂಗು ಒರೆಸಿಕೊಂಡಳು. ನಾನಂತೂ ಸೆರಗು ಮುಖಕ್ಕೆ ಒತ್ತಿಕೊಂಡು ಗೊಳೋ ಅಂತ ಅತ್ತುಬಿಟ್ಟೆ. ಶ್ರೀಕಂಠಯ್ಯನವರು ಏನೂ ತೋಚದೆ ಬಗ್ಗಿ ಮಿಕ್ಸಿ ಬಿಚ್ಚಿ ನೋಡಲು ಕೂತರು.

ಹಾಗಂತ ಜೀವಮಾನವೆಲ್ಲ ನೋಡದೆ ಇರೋಕಾಗುತ್ತಾ? ಶ್ರೀಕಂಠಯ್ಯನವರ ಬಿಪಿ ಮಾತ್ರೆ ಇನ್ನು ಏಳು ದಿನದ್ದಷ್ಟೇ ಉಳಿದಿತ್ತು, ದೋಣಿಯ ದಾರಿ ಎರಡು ದಿನದ್ದು. ಈ ಊರಿನ ಔಷಧಿ ಅಂಗಡಿಯಲ್ಲಿ ಸಿಗೋದೆಲ್ಲ ಕೆಮ್ಮಿನ ಕಷಾಯ. "ನಾಲ್ಕು ದಿನ," ಅಂದಳು ಕಾತ್ಯಾಯಿನಿ. "ಐದನೇ ಬೆಳಿಗ್ಗೆ ನೋಡ್ತೀನಿ. ನೀನೇ ತೋರಿಸಬೇಕು." ಒಪ್ಪಿಕೊಂಡೆ. ಒಪ್ಪದೆ ಏನು ಮಾಡಲಿ? ಮಾತ್ರೆಯ ಜೊತೆ ಜಗಳ ಆಡೋಕಾಗುತ್ತಾ?

ಆ ನಾಲ್ಕು ದಿನ ನಾವು ಎಲ್ಲಿಗೂ ಹೋಗಲಿಲ್ಲ. ಕ್ಯಾಲೆಂಡರು ಹಾಗೇ ಇತ್ತು, ಬಾಗಿಲು ಹಾಗೇ ಇತ್ತು, ಚಟ್ನಿ ಮಾತ್ರ ನಿಂತಿತು. ಬೆಳಿಗ್ಗೆ ಸಂಜೆ ಅದು ಕೂಗುವಾಗ ಇಬ್ಬರೂ ಬಾಗಿಲಿಗೆ ಬೆನ್ನು ಕೊಟ್ಟು ಕೂತು ಕೇಳುತ್ತಿದ್ದೆವು. "ಈಗ ಏನು ಮಾಡ್ತಿದೆ ನೋಡಿ ಹೇಳು," ಅಂತ ನನ್ನನ್ನು ಎಬ್ಬಿಸುತ್ತಿದ್ದಳು. ನಾನು ಬಾಗಿಲ ಸಂದಿಯಲ್ಲಿ ಕಣ್ಣಿಟ್ಟು ವರದಿ ಒಪ್ಪಿಸುತ್ತಿದ್ದೆ. "ಎಲೆ ಮಗುಚ್ತಿದೆ." "ಯಾವ ಕಾಲಲ್ಲಿ?" "ಕಾಲಲ್ಲಲ್ಲ, ಕೊಕ್ಕಲ್ಲಿ." "ಬಾಲ ಕುಣಿಸ್ತಾ?" "ಅದಕ್ಕೆ ಬಾಲ ಎಲ್ಲಿದೆಯೇ, ನಮ್ಮ ಗೇಮ್ಸ್ ಟೀಚರ್ ಜಡೆ ಇದ್ದ ಹಾಗಿದೆ." ಅವಳು ಹೊಟ್ಟೆ ಹಿಡಿದು ನಗುತ್ತಿದ್ದಳು. ಹಿಂದಿ ಮೇಷ್ಟ್ರ ಪ್ರಕರಣವನ್ನು ಮೊದಲಿನಿಂದ ಕೊನೆಯವರೆಗೆ ಎರಡು ಸಲ ಹೇಳಿ ಮುಗಿಸಿದೆವು. ನನ್ನ ಮೂವತ್ತು ಪ್ರಶ್ನೆಗೂ ಉತ್ತರ ಸಿಕ್ಕಿತು. ನಮ್ಮವರು ಒಂದು ದಿನ ಊಟಕ್ಕೆ ಕೂತಾಗ ಪೂರ್ತಿ ಒಂದು ವಾಕ್ಯ ಮಾತಾಡಿದರು. "ಇವರು ಇಲ್ಲೇ ಇದ್ದುಬಿಟ್ಟರೆ ಚೆನ್ನಾಗಿತ್ತು" ಅಂದರು. ಆಮೇಲೆ ಯಾರೂ ಅನ್ನಕ್ಕೆ ಕೈ ಹಾಕಲಿಲ್ಲ.

ಐದನೇ ಬೆಳಿಗ್ಗೆ ನಾನೇ ಅಗಳಿ ತೆಗೆದೆ. ಕಾತ್ಯಾಯಿನಿ ಎರಡೂ ಕೈಯಲ್ಲಿ ಕಣ್ಣು ಮುಚ್ಚಿಕೊಂಡಿದ್ದಳು, ನಾನು ಮೊಣಕೈ ಹಿಡಿದು ಮೆಟ್ಟಿಲಿಳಿಸಿದೆ. ದುರ್ಬೀನು ತಂದಿರಲಿಲ್ಲ. ಇಷ್ಟು ಹತ್ತಿರ ಇರೋದಕ್ಕೆ ದುರ್ಬೀನು ಹಿಡಿದರೆ ಅದಕ್ಕೆ ಅವಮಾನ ಅಂದಳು. ಒಗೆಯೋ ಕಲ್ಲಿನ ಮೇಲೆ ಇಬ್ಬರೂ ಕೂತೆವು. ಆರಡಿ ಆಚೆ ಬೇಲಿಯ ಬುಡದಲ್ಲಿ ಅದು ಎಲೆ ಮಗುಚುತ್ತಿತ್ತು. ನಮ್ಮನ್ನು ಕಂಡು ಎದೆಯುಬ್ಬಿಸಿ ನೆಟ್ಟಗೆ ನಿಂತಿತು.

"ಇದೆಯಾ?" ಅಂದಳು.

"ಇದೆ."

"ಹೋಗಿಬಿಟ್ಟರೆ?"

"ಹೋಗಲ್ಲ ಕಣೇ. ನಿನ್ನನ್ನೇ ನೋಡ್ತಿದೆ. ಕಣ್ಣು ಬಿಡು."

ಅವಳು ಕೈ ತೆಗೆದಳು, ಕಣ್ಣು ಬಿಟ್ಟಳು. ಬಿಟ್ಟವಳು ನನ್ನ ಕಡೆ ತಿರುಗಿ ನನ್ನ ಮುಖವನ್ನೇ ನೋಡುತ್ತಾ ಕೂತಳು. "ಲೇ, ಅಲ್ಲಿ! ಹಕ್ಕಿ ಆ ಕಡೆ!" ಅಂತ ಪಿಸುಗುಟ್ಟಿದೆ. "ಗೊತ್ತು, ಇರೇ," ಅಂದಳು. "ನಲವತ್ತು ವರ್ಷ ಕಾಯಿಸಿದೆ ಅದು. ಒಂದು ನಿಮಿಷ ಅದೂ ಕಾಯಲಿ."

ಆಮೇಲೆ ತಿರುಗಿ ನೋಡಿದಳು. ನೋಡಿದ್ದೇ ನೋಡಿದ್ದು. ಉಸಿರಾಡಿದಳೋ ಇಲ್ಲವೋ. ಕಣ್ಣಿಂದ ನೀರು ಸುರಿದು ಗದ್ದದ ಹತ್ತಿರ ತೊಟ್ಟಿಕ್ಕುತ್ತಿತ್ತು, ಒರೆಸಿಕೊಳ್ಳಲಿಲ್ಲ. ಹಕ್ಕಿ ಒಂದು ಹುಳ ತಿಂದು, ಎರಡು ಹೆಜ್ಜೆ ಕುಪ್ಪಳಿಸಿ, ಬೇಲಿಯ ಮೇಲೆ ಹಾರಿ ಕೋಟೆಯ ದಿಕ್ಕಿಗೆ ಹೋಯಿತು. ಕಾತ್ಯಾಯಿನಿ ಆ ದಿಕ್ಕನ್ನೇ ನೋಡುತ್ತಾ, "ನಿಜ ಕಣೇ, ಬಾಲ ಇಲ್ಲ" ಅಂದಳು.

ಸಂಜೆ ದೋಣಿ ಬಂತು. ಶ್ರೀಕಂಠಯ್ಯನವರು ನಮ್ಮವರ ಕೈ ಹಿಡಿದು ಪಂಪ್‌ಹೌಸಿನ ಬೇರಿಂಗ್ ವಿಷಯ ಮರೆಯಬೇಡಿ ಅಂತ ಹೇಳಿ, ಪೆಟ್ಟಿಗೆ ಎತ್ತಿಕೊಂಡು ಹತ್ತಿದರು. ಮಿರೋಲಾ ತನ್ನ ಬಾಗಿಲಲ್ಲಿ ನಿಂತು ನಿಜವಾಗಿಯೂ ಅಳುತ್ತಿದ್ದಳು. ನಾನು ಕಾತ್ಯಾಯಿನಿಯ ಕೈ ಬಿಡದೆ ಕಟ್ಟೆಯ ಕೊನೆಯವರೆಗೆ ಹೋದೆ. ಇನ್ನು ಕಾಣೋದಿಲ್ಲ ಅಂತ ಇಬ್ಬರಿಗೂ ಗೊತ್ತು, ಇಬ್ಬರೂ ಆ ಮಾತು ತೆಗೆಯುತ್ತಿಲ್ಲ. "ನಿನಗೆ ಬೇರೆ ಹಕ್ಕಿ ಬರಬೇಕಿತ್ತು ಕಣೇ," ಅಂದೆ. "ಯಾವುದೋ ಒಂದು ಬಂದಿದ್ದರೆ ಇಷ್ಟು ಸಂಕಟ ಇರುತ್ತಿರಲಿಲ್ಲ. ಇನ್ನೂ ಒಂದು ತಿಂಗಳು ಇರ್ತಿದ್ದೆಯೇನೋ."

ಅವಳು ದೋಣಿಯ ಹಲಗೆ ಮೇಲೆ ಒಂದು ಕಾಲಿಟ್ಟು ನಿಂತಳು. "ಹುಚ್ಚಿ," ಅಂದಳು. "ಬೇರೆ ಯಾವ ಹಕ್ಕಿ ಬಂದಿದ್ದರೂ ಮೊದಲನೇ ದಿನವೇ ನನ್ನ ಕಣ್ಣು ಅದನ್ನ ಹುಡುಕಿ ತೆಗೀತಿತ್ತು. ಸಂಜೆಗೇ ಗಂಟು ಕಟ್ಟಬೇಕಾಗಿತ್ತು. ನೋಡದೆ ಇರೋಕೆ ನನಗೆ ಬರೋದು ಇದೊಂದೇ ಹಕ್ಕೀನ ಕಣೇ, ನಲವತ್ತು ವರ್ಷದ ಅಭ್ಯಾಸ."